ಮಲೆನಾಡಿನ ಮಬ್ಬು ಬೆಳಕಿಗೆ ಟೆಲಿಫೋಟೊ ಪ್ರೈಮ್ ಲೆನ್ಸ್ ಆರಿಸಿಕೊಳ್ಳುವ ಬಗೆ

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕ್ಯಾಮೆರಾ ಹಿಡಿದು ಓಡಾಡುವವರಿಗೆ ಎಲ್ಲಕ್ಕಿಂತ ಮೊದಲು ಎದುರಾಗುವುದು ಬೆಳಕಿನ ಕೊರತೆ. ಆಗುಂಬೆಯ ಕಾಡಿನೊಳಗೆ ನಡುಮಧ್ಯಾಹ್ನದಲ್ಲೂ ಬಿಸಿಲು ನೆಲ ಮುಟ್ಟುವುದು ಚೂರುಚೂರಾಗಿ. ಅಡಿಕೆ ತೋಟದಲ್ಲಿ ಹೊತ್ತು ಮುಳುಗುವುದಕ್ಕೆ ಬಹಳ ಮೊದಲೇ ಮಬ್ಬು ಕವಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಮುಚ್ಚಿಕೊಂಡಿರುತ್ತದೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ಶುರುವಾದರೆ ಚಿತ್ರ ತೆಗೆಯುವ ಕೆಲಸ ರಾತ್ರಿಗೆ ಹೊರಳುತ್ತದೆ. ಬಯಲುಸೀಮೆಯ ಕೆರೆಯಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಹಕ್ಕಿ ತೆಗೆಯುವವರಿಗೆ 150–600 ಮಿ.ಮೀ. ಜೂಮ್ ಲೆನ್ಸ್ ಕೊಳ್ಳಿ ಎನ್ನುವುದು ಒಳ್ಳೆಯ ಸಲಹೆಯೇ. ಅದನ್ನೇ ನಂಬಿ ಇಲ್ಲಿನ ಕಾಡಿಗೆ ಎಫ್/6.3ರ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ) ಲೆನ್ಸ್ ಹೊತ್ತು ಬಂದವರ ಮೆಮೊರಿ ಕಾರ್ಡಿನಲ್ಲಿ ಅಲುಗಿದ ಚಿತ್ರಗಳೇ ಹೆಚ್ಚಾಗಿರುತ್ತವೆ.

ಈ ಮಾರ್ಗದರ್ಶಿಯಲ್ಲಿ ನಾನು ಹೇಳಹೊರಟಿರುವುದು 85 ಮಿ.ಮೀ.ನಿಂದ 400 ಮಿ.ಮೀ.ವರೆಗಿನ, ಜೂಮ್ ಆಗದ (ಅಂದರೆ ಪ್ರೈಮ್), ಹೆಚ್ಚು ಬೆಳಕನ್ನು ಒಳಬಿಡುವ ಲೆನ್ಸ್‌ಗಳ ಬಗ್ಗೆ. ಕಿಟ್ ಲೆನ್ಸ್ ಮತ್ತು ಒಂದು ಸಾಧಾರಣ ಟೆಲಿ ಜೂಮ್ ಈಗಾಗಲೇ ಕೈಯಲ್ಲಿದ್ದು, ಮೊದಲ ಬಾರಿಗೆ ದೊಡ್ಡ ಮೊತ್ತ ಹಾಕಲು ಹೊರಟಿರುವ ಹವ್ಯಾಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಇರುವ ಲೆನ್ಸಿನಿಂದಲೇ ಬೆಳಕನ್ನು ಅಳೆಯಿರಿ

ಹುಡುಕಾಟವನ್ನು ಅಂಗಡಿಯಿಂದ ಆರಂಭಿಸಬೇಡಿ. ನಿಮ್ಮ 55–250 ಅಥವಾ 70–300 ಜೂಮ್ ಲೆನ್ಸನ್ನೇ ತೆಗೆದುಕೊಂಡು, ನೀವು ನಿಜವಾಗಿ ಚಿತ್ರ ತೆಗೆಯುವ ಜಾಗಕ್ಕೆ, ತೆಗೆಯುವ ಹೊತ್ತಿನಲ್ಲೇ ಹೋಗಿ. ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್/5.6ಕ್ಕೆ ಇಡಿ. ಐಎಸ್‌ಒವನ್ನು (ಬೆಳಕಿಗೆ ಸೆನ್ಸರಿನ ಸಂವೇದನೆಯನ್ನು) ನಿಮ್ಮ ಕ್ಯಾಮೆರಾದಲ್ಲಿ ನೀವು ಸಹಿಸಿಕೊಳ್ಳಬಲ್ಲ ಗರಿಷ್ಠ ಮಿತಿಗೆ ಏರಿಸಿ. ಆಗ ಸರಿಯಾದ ಚಿತ್ರಕ್ಕೆ ಶಟರ್ ವೇಗ ಎಷ್ಟು ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ರಂಗಸ್ಥಳದಲ್ಲಿ ಹಿನ್ನೆಲೆ ಕಪ್ಪಾಗಿರುವುದರಿಂದ ಕ್ಯಾಮೆರಾದ ಮೀಟರ್ ಮೋಸಹೋಗಿ ಮುಖವನ್ನು ಅತಿಯಾಗಿ ಬೆಳಗಿಸಿಬಿಡುತ್ತದೆ. ಹಾಗಾಗಿ ಸ್ಪಾಟ್ ಮೀಟರಿಂಗ್ ಬಳಸಿ ಕಲಾವಿದರ ಮುಖದ ಮೇಲಿನ ಬೆಳಕನ್ನಷ್ಟೇ ಅಳೆಯುವುದು ಕ್ಷೇಮ.

ಈ ಒಂದು ಅಂಕಿ ಸಿಕ್ಕಿದರೆ ಉಳಿದದ್ದು ಸರಳ ಲೆಕ್ಕ. ಎಫ್/5.6ರಿಂದ ಎಫ್/4, ಅಲ್ಲಿಂದ ಎಫ್/2.8, ಅಲ್ಲಿಂದ ಎಫ್/2 – ಹೀಗೆ ಒಂದೊಂದು ಸ್ಟಾಪ್ ಇಳಿದಂತೆಲ್ಲ ಒಳಬರುವ ಬೆಳಕು ಇಮ್ಮಡಿಯಾಗುತ್ತದೆ, ಅಂದರೆ ಶಟರ್ ವೇಗವನ್ನೂ ಇಮ್ಮಡಿಗೊಳಿಸಬಹುದು. ಉದಾಹರಣೆಗೆ, ಒಂದು ಬಯಲಾಟದ ರಂಗಸ್ಥಳದಲ್ಲಿ ಐಎಸ್‌ಒ 6400, ಎಫ್/5.6 ಇಟ್ಟಾಗ 1/60 ಸೆಕೆಂಡ್ ಬಂತು ಎಂದಿಟ್ಟುಕೊಳ್ಳಿ. ನಿಂತು ಅರ್ಥ ಹೇಳುತ್ತಿರುವ ವೇಷಧಾರಿಗೆ ಇದು ಹೇಗೋ ಸಾಕಾಗಬಹುದು. ಮಂಡಿ ಕುಣಿತವನ್ನೋ ಪ್ರವೇಶದ ಅಬ್ಬರವನ್ನೋ ನಿಲ್ಲಿಸಿ ಹಿಡಿಯಬೇಕಾದರೆ 1/500 ಆದರೂ ಬೇಕು. 1/60ರಿಂದ 1/125, 1/250, 1/500: ಇದು ಮೂರು ಸ್ಟಾಪ್‌ಗಳ ದೂರ, ಎಫ್/5.6ರಿಂದ ಮೂರು ಸ್ಟಾಪ್ ಇಳಿದರೆ ಎಫ್/2. ಅಂದರೆ ಈ ಕೆಲಸಕ್ಕೆ ಎಫ್/2 ಲೆನ್ಸ್ ಶೋಕಿಯ ವಸ್ತುವಲ್ಲ, ಲೆಕ್ಕವೇ ಕೇಳುತ್ತಿರುವ ವಸ್ತು. ಎಫ್/2.8ರ ಲೆನ್ಸ್ ಕೊಂಡರೆ ಅದೇ ಬೆಳಕಿನಲ್ಲಿ 1/250ಕ್ಕೆ ನಿಲ್ಲುತ್ತೀರಿ. ಮುಖ ಸ್ಪಷ್ಟವಾಗಿ ಬಂದರೂ ಕೈಬೆರಳು, ಗೆಜ್ಜೆಕಾಲುಗಳು ಅಲುಗಿರುತ್ತವೆ.

ಲೆಕ್ಕ ತಿರುಗುಮುರುಗಾಗಿಯೂ ಬರಬಹುದು. ನಿಮ್ಮ ಊರಿನ ಸಭಾಭವನದಲ್ಲಿ ಬೆಳಕು ಚೆನ್ನಾಗಿದ್ದು ಎಫ್/5.6ರಲ್ಲೇ 1/250 ಸಿಗುತ್ತಿದ್ದರೆ, ಎಫ್/4 ಲೆನ್ಸ್ ನಿಮ್ಮ ಕೆಲಸವನ್ನು ಪೂರೈಸುತ್ತದೆ. ಉಳಿದ ಹಣವನ್ನು ಬೇರೆ ಕಡೆ ಹಾಕಿ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ: ಈಗಿನ ಸಾಫ್ಟ್‌ವೇರ್‌ಗಳು ಐಎಸ್‌ಒ ಏರಿಸಿದಾಗ ಬರುವ ನಾಯ್ಸನ್ನು (ಚಿತ್ರದ ಮೇಲಿನ ಕಾಳುಕಾಳನ್ನು) ಅದ್ಭುತವಾಗಿ ಅಳಿಸುತ್ತವೆ, ಹಾಗಿರುವಾಗ ದುಬಾರಿ ಲೆನ್ಸ್ ಏಕೆ? ಮಾತು ಅರ್ಧ ನಿಜ. ನಾಯ್ಸ್ ಇದ್ದರೂ ಅಲುಗದೆ ಬಂದ ಚಿತ್ರವನ್ನು ಸಾಫ್ಟ್‌ವೇರ್ ಉಳಿಸಿಕೊಡುತ್ತದೆ, ಆದ್ದರಿಂದ ಒಂದು ಸ್ಟಾಪ್‌ನಷ್ಟು ಕೊರತೆಯನ್ನು ಅದರ ಪಾಲಿಗೆ ಬಿಡಬಹುದು. ಎರಡು ಮೂರು ಸ್ಟಾಪ್‌ಗಳ ಕೊರತೆಯನ್ನೂ ಅದರ ತಲೆಗೇ ಕಟ್ಟಿದರೆ ಹಕ್ಕಿಯ ಗರಿ, ಮುಖದ ಚರ್ಮ ಎಲ್ಲ ಮೇಣ ಹಚ್ಚಿದಂತೆ ಕಾಣತೊಡಗುತ್ತವೆ. ಜೊತೆಗೆ ಬೆಳಕು ತೀರಾ ಕಡಿಮೆಯಾದಾಗ ಆಟೋಫೋಕಸ್ ತಡಕಾಡುತ್ತದೆ. ದೊಡ್ಡ ಅಪರ್ಚರಿನ ಲೆನ್ಸ್ ಫೋಕಸ್ ವ್ಯವಸ್ಥೆಗೂ ಹೆಚ್ಚು ಬೆಳಕು ಕೊಡುತ್ತದೆ. ಫೋಕಸ್ಸೇ ತಪ್ಪಿದ ಚಿತ್ರಕ್ಕೆ ಸಾಫ್ಟ್‌ವೇರಿನ ಬಳಿ ಔಷಧವಿಲ್ಲ.

ಎರಡನೆಯ ಹೆಜ್ಜೆ: ನಿಲ್ಲುವ ಜಾಗದಿಂದ ವಸ್ತುವಿಗೆ ಇರುವ ದೂರ

ಪ್ರೈಮ್ ಲೆನ್ಸಿನಲ್ಲಿ ಫೋಕಲ್ ಲೆಂತ್ (ಲೆನ್ಸಿನ ಮಿ.ಮೀ. ಅಂಕಿ) ಬದಲಾಯಿಸಲು ಬರುವುದಿಲ್ಲವಾದ್ದರಿಂದ ದೂರದ ಅಂದಾಜು ತಪ್ಪಿದರೆ ಹಣ ಪೂರ್ತಿ ನೀರಿಗೆ ಬಿದ್ದಂತೆ. ಅಂದಾಜಿಗೊಂದು ಸುಲಭ ಸೂತ್ರವಿದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ.; ಅದನ್ನು ವಸ್ತುವಿನ ದೂರದಿಂದ ಗುಣಿಸಿ ಫೋಕಲ್ ಲೆಂತಿನಿಂದ ಭಾಗಿಸಿದರೆ ಚೌಕಟ್ಟಿನೊಳಗೆ ಎಷ್ಟು ಅಗಲದ ದೃಶ್ಯ ಬರುತ್ತದೆ ಎಂಬುದು ತಿಳಿಯುತ್ತದೆ. 12 ಮೀಟರ್ ದೂರದಲ್ಲಿ 135 ಮಿ.ಮೀ. ಲೆನ್ಸ್ 3.2 ಮೀಟರ್ ಅಗಲವನ್ನು ಹಿಡಿಯುತ್ತದೆ. ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿದರೆ ಆ 3.2 ಮೀಟರ್ ಎತ್ತರವಾಗುತ್ತದೆ. ಕಿರೀಟ ಕಟ್ಟಿಕೊಂಡ ಎರಡನೇ ವೇಷ (ಯಕ್ಷಗಾನದ ಪ್ರಮುಖ ವೇಷಗಳಲ್ಲೊಂದು) ಅಡಿಯಿಂದ ಮುಡಿಯವರೆಗೆ ಸ್ವಲ್ಪ ಗಾಳಿಯಾಡುವಂತೆ ಹಿಡಿಸುತ್ತದೆ. ಹೆಗ್ಗೋಡಿನ ನೀನಾಸಂನಂಥ ರಂಗಮಂದಿರದಲ್ಲಿ ಮುಂದಿನ ಸಾಲು ಸಿಕ್ಕಿ ನಟರು 6 ಮೀಟರ್ ದೂರದಲ್ಲಿದ್ದರೆ 85 ಮಿ.ಮೀ. ಲೆನ್ಸಿಗೆ ಎರಡೂವರೆ ಮೀಟರ್ ಅಗಲ ದಕ್ಕುತ್ತದೆ, ಅಲ್ಲಿ 135 ಕಟ್ಟಿಹಾಕಿದಂತಾಗುತ್ತದೆ.

ಫುಲ್ ಫ್ರೇಮಿಗಿಂತ ಚಿಕ್ಕದಾದ ಕ್ರಾಪ್ ಸೆನ್ಸರಿನ ಕ್ಯಾಮೆರಾ ಇದ್ದವರು 36ರ ಬದಲು ನಿಕಾನ್, ಸೋನಿಗೆ ಸುಮಾರು 24, ಕ್ಯಾನನ್‌ಗೆ ಸುಮಾರು 22 ಹಿಡಿದು ಲೆಕ್ಕ ಹಾಕಬೇಕು. ಈ ಕ್ಯಾಮೆರಾಗಳಲ್ಲಿ 85 ಮಿ.ಮೀ. ಲೆನ್ಸೇ ಫುಲ್ ಫ್ರೇಮಿನ 135ರ ಕೆಲಸ ಮಾಡುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಎಫ್/1.8ರ 85 ಮಿ.ಮೀ. ಲೆನ್ಸ್‌ಗಳು ಹಗುರವೂ ಹೌದು, ಅಗ್ಗವೂ ಹೌದು. ಕ್ಯಾನನ್‌ನ ಹಳೆಯ ಇಎಫ್ 85 ಎಫ್/1.8 ಕೇವಲ 425 ಗ್ರಾಂ ತೂಗುತ್ತದೆ.

ಕಾಗದದ ಲೆಕ್ಕವನ್ನು ಮೈಗೂಡಿಸಿಕೊಳ್ಳಲು ಒಂದು ಉಪಾಯವಿದೆ. ನಿಮ್ಮ ಜೂಮ್ ಲೆನ್ಸಿನ ರಿಂಗನ್ನು 135ಕ್ಕೋ 200ಕ್ಕೋ ತಂದು, ಅಂಟು ಉಳಿಸದ ಟೇಪಿನಿಂದ ಬಿಗಿದು, ಒಂದು ಇಡೀ ಪ್ರಸಂಗವನ್ನು ಅದರಲ್ಲೇ ತೆಗೆಯಿರಿ. ಕೈ ಎಷ್ಟು ಬಾರಿ ರಿಂಗಿನತ್ತ ಹೋಯಿತು, ಹೋದಾಗ ಹಿಂದಕ್ಕೆ ತಿರುಗಿಸಲು ಹೋಯಿತೋ ಮುಂದಕ್ಕೋ ಎಂಬುದೇ ಉತ್ತರ ಹೇಳುತ್ತದೆ.

ವೇಗದ, ಅಂದರೆ ಹೆಚ್ಚು ಬೆಳಕು ಒಳಬಿಡುವ, ಲೆನ್ಸ್ ಎಲ್ಲಕ್ಕೂ ಉತ್ತರವಲ್ಲ ಎನ್ನುವುದಕ್ಕೆ ಮಂಡಗದ್ದೆಯೇ ಒಳ್ಳೆಯ ಸಾಕ್ಷಿ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲಿ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ನಾವು ನಿಲ್ಲುವುದು ದಡದಲ್ಲಿ, ಅವು ಇರುವುದು ಹೊಳೆಯ ನಡುವೆ. ಆ ದೂರವನ್ನು ಕಾಲ್ನಡಿಗೆಯಿಂದ ಕಡಿಮೆ ಮಾಡಲು ಸಾಧ್ಯವಿಲ್ಲ. 40 ಮೀಟರ್ ಎಂದು ಹಿಡಿದರೂ 300 ಮಿ.ಮೀ. ಲೆನ್ಸಿನ ಚೌಕಟ್ಟು 4.8 ಮೀಟರ್ ಅಗಲವಿರುತ್ತದೆ, ಅದರಲ್ಲಿ ಎರಡಡಿ ಉದ್ದದ ಬೆಳ್ಳಕ್ಕಿ ಎಂಟರಲ್ಲೊಂದು ಪಾಲು. ಹೊಳೆಯ ಮೇಲೆ ಆಕಾಶ ತೆರೆದಿರುವುದರಿಂದ ಮೋಡವಿದ್ದರೂ ಬೆಳಕು ಕಾಡಿನೊಳಗಿಗಿಂತ ಎಷ್ಟೋ ಮೇಲು. ಇಲ್ಲಿಗೆ ಎಫ್/6.3ರ 600 ಮಿ.ಮೀ. ಲೆನ್ಸೇ ಸರಿ. ನಿಮ್ಮ ಆಸಕ್ತಿ ಮಂಡಗದ್ದೆ, ಸೊರಬದ ಗುಡವಿ, ಭದ್ರಾ ಹಿನ್ನೀರಿನ ರಿವರ್ ಟರ್ನ್‌ಗಳಷ್ಟಕ್ಕೇ ಸೀಮಿತವಾಗಿದ್ದರೆ ಈ ಲೇಖನದ ಉಳಿದ ಭಾಗವನ್ನು ಬಿಟ್ಟು ಉದ್ದದ ಜೂಮ್ ಕೊಳ್ಳಬಹುದು.

ಮೂರನೆಯ ಹೆಜ್ಜೆ: ಎಫ್ ಸಂಖ್ಯೆಗೆ ತೆರಬೇಕಾದ ತೂಕ ಮತ್ತು ಬೆಲೆ

ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ, ಮುಂದಿನಿಂದ ನೋಡಿದಾಗ ಬೆಳಕು ಒಳಹೋಗುವ ಕಿಂಡಿ ಎಷ್ಟು ಅಗಲವಾಗಿ ಕಾಣಬೇಕು ಎಂಬುದು ಬರುತ್ತದೆ. 135 ಎಫ್/2ಕ್ಕೆ ಅದು 67 ಮಿ.ಮೀ., 300 ಎಫ್/4ಕ್ಕೆ 75 ಮಿ.ಮೀ., 300 ಎಫ್/2.8ಕ್ಕೆ 107 ಮಿ.ಮೀ., 400 ಎಫ್/2.8ಕ್ಕೆ 143 ಮಿ.ಮೀ. ಲೆನ್ಸಿನ ಮುಂದಿನ ಗಾಜು ಇದಕ್ಕಿಂತ ಸಣ್ಣದಾಗಿರಲು ಸಾಧ್ಯವೇ ಇಲ್ಲ. ತೂಕ, ಬೆಲೆ ಎರಡೂ ಈ ಅಂಕಿಯ ಹಿಂದೆಯೇ ಓಡುತ್ತವೆ. ಕ್ಯಾನನ್‌ನ ಇಎಫ್ 135 ಎಫ್/2 ಎಲ್ ಲೆನ್ಸಿನ ತೂಕ 750 ಗ್ರಾಂ. ನಿಕಾನ್ 2015ರಲ್ಲಿ ತಂದ 300 ಎಫ್/4 ಪಿಎಫ್ ಲೆನ್ಸ್, ಫ್ರೆನೆಲ್ ಮಾದರಿಯ ವಿಶೇಷ ಗಾಜಿನಿಂದಾಗಿ, 755 ಗ್ರಾಂ ಮಾತ್ರ. 300 ಎಫ್/2.8ಕ್ಕೆ ಬಂದರೆ ಕ್ಯಾನನ್‌ನ ಇಎಫ್ ಎರಡನೇ ಆವೃತ್ತಿ 2.4 ಕಿಲೋ ಆಸುಪಾಸಿನಲ್ಲಿದೆ, 2023ರ ಸೋನಿ ಜಿ ಮಾಸ್ಟರ್ 1,470 ಗ್ರಾಂಗೆ ಇಳಿದಿದೆ. ಈಗಿನ 400 ಎಫ್/2.8 ಯಾವ ಕಂಪನಿಯದ್ದಾದರೂ ಮೂರು ಕಿಲೋದ ಸಮೀಪ, ಹೊಸದರ ಬೆಲೆ ಹತ್ತು ಲಕ್ಷ ದಾಟುತ್ತದೆ. ಅದನ್ನು ಇಲ್ಲಿ ಹೆಸರಿಸಿದ್ದು ಲೆಕ್ಕ ಪೂರ್ತಿಯಾಗಲಿ ಎಂದಷ್ಟೇ.

ತೂಕವನ್ನು ಅಂಗಡಿಯ ಗಾಜಿನ ಮೇಜಿನ ಮುಂದೆ ನಿಂತು ತೂಗಿ ನೋಡಬೇಡಿ. ಕೊಡಚಾದ್ರಿಯ ಏರಿನಲ್ಲಿ, ಜಿಗಣೆ ಬಿಡಿಸಿಕೊಳ್ಳುತ್ತ, ಒಂದು ಕೈಯಲ್ಲಿ ಕೊಡೆ ಹಿಡಿದು ನಡೆಯುವಾಗ ಎರಡೂವರೆ ಕಿಲೋ ಎಂದರೆ ಬೇರೆಯೇ ಲೆಕ್ಕ. ಮನೆಯಲ್ಲಿ ಉಳಿಯುವ ಎಫ್/2.8ಕ್ಕಿಂತ ಜೊತೆಗೆ ಬರುವ ಎಫ್/4 ಹೆಚ್ಚು ಚಿತ್ರ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಜೀಪಿನಲ್ಲಿ ಕುಳಿತೇ ತೆಗೆಯುವವರಿಗೆ ಇದು ಅನ್ವಯಿಸುವುದಿಲ್ಲ.

ರಂಗಕ್ಕೆ ಮತ್ತು ಮುಖಕ್ಕೆ

ಯಕ್ಷಗಾನ, ನಾಟಕ, ಜಾತ್ರೆಯ ರಾತ್ರಿ, ಮದುವೆ ಮನೆ – ಇವೇ ನಿಮ್ಮ ಮುಖ್ಯ ವಿಷಯವಾಗಿದ್ದರೆ 135 ಮಿ.ಮೀ.ನಲ್ಲಿ ಎಫ್/2 ಅಥವಾ ಎಫ್/1.8 ಲೆನ್ಸನ್ನು ಮೊದಲು ಪರಿಗಣಿಸಿ. ಮಲೆನಾಡಿನ ಛಾಯಾಗ್ರಾಹಕರು ಕೊಳ್ಳಬಹುದಾದ ಒಂದೇ ಟೆಲಿ ಪ್ರೈಮ್ ಯಾವುದು ಎಂದು ಕೇಳಿದರೆ ನಾನು ಹೇಳುವುದೂ ಇದನ್ನೇ. ಹೊಸದರಲ್ಲಿ ಸಿಗ್ಮಾ ಆರ್ಟ್, ಸೋನಿ ಜಿ ಮಾಸ್ಟರ್, ನಿಕಾನ್ ಪ್ಲೆನಾ, ಕ್ಯಾನನ್ ಆರ್‌ಎಫ್ – ನಾಲ್ಕೂ ಎಫ್/1.8, ನಾಲ್ಕೂ ಅಪರ್ಚರ್ ಪೂರ್ತಿ ತೆರೆದಾಗಲೇ ಮೂಲೆಯವರೆಗೆ ಸ್ಪಷ್ಟ. ಇವುಗಳಲ್ಲಿ ಲೆನ್ಸಿನೊಳಗೇ ಸ್ಥಿರೀಕರಣ (ಕೈನಡುಕದಿಂದ ಚಿತ್ರ ಅಲುಗದಂತೆ ತಡೆಯುವ ವ್ಯವಸ್ಥೆ) ಇರುವುದು ಕ್ಯಾನನ್ ಆರ್‌ಎಫ್‌ನಲ್ಲಿ ಮಾತ್ರ. ಉಳಿದವಕ್ಕೆ ಕ್ಯಾಮೆರಾದ ಸ್ಥಿರೀಕರಣವೇ ಗತಿ. ಆದರೆ ವೇಷಧಾರಿಯೇ ಕುಣಿಯುತ್ತಿರುವಾಗ ಸ್ಥಿರೀಕರಣದಿಂದ ಆಗುವ ಉಪಕಾರ ಅಷ್ಟಕ್ಕಷ್ಟೇ ಆದ್ದರಿಂದ ರಂಗದ ಕೆಲಸಕ್ಕೆ ಇದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಜೇಬು ಅಷ್ಟು ದೂರ ಹೋಗದಿದ್ದರೆ 1996ರಲ್ಲಿ ಬಂದ ಕ್ಯಾನನ್ ಇಎಫ್ 135 ಎಫ್/2 ಎಲ್ ಬಳಸಿದ್ದು ಸಿಗುತ್ತದೆ, ಈಗಲೂ ಮರ್ಯಾದೆಯ ಲೆನ್ಸ್. ಸ್ಯಾಮ್ಯಾಂಗ್‌ನ 135 ಎಫ್/2 ಇನ್ನೂ ಅಗ್ಗ, ಗಾಜಿನ ಗುಣ ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿದೆ. ಕೈಯಿಂದಲೇ ಫೋಕಸ್ ಮಾಡಬೇಕು ಎಂಬುದಷ್ಟೇ ತೊಡಕು. ನಕ್ಷತ್ರಗಳ ಚಿತ್ರ ತೆಗೆಯುವವರು ಅದನ್ನು ಮೆಚ್ಚುತ್ತಾರೆ, ಆದರೆ ರಂಗಸ್ಥಳದಲ್ಲಿ ಮುಂದಕ್ಕೂ ಹಿಂದಕ್ಕೂ ಸರಿಯುವ ಕಲಾವಿದರನ್ನು ಕೈಫೋಕಸ್ಸಿನಲ್ಲಿ ಹಿಂಬಾಲಿಸುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ.

ಎಫ್/2ರಲ್ಲಿ ತೆಗೆದರೆ ಫೋಕಸ್ಸಿನ ಆಳ ತೀರಾ ಕಡಿಮೆಯಾಗಿ ಕಿರೀಟ ಮಸುಕಾಗುವುದಿಲ್ಲವೇ ಎಂಬ ಅಳುಕು ಹಲವರಿಗೆ ಇರುತ್ತದೆ. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) 3 ಮೀಟರ್ ದೂರದಿಂದ ಬಣ್ಣ ಹಚ್ಚಿಕೊಳ್ಳುವವರ ಮುಖ ತೆಗೆಯುವಾಗ 135 ಮಿ.ಮೀ. ಎಫ್/2ರಲ್ಲಿ ಆಳ ಸುಮಾರು 6 ಸೆಂ.ಮೀ. ಮಾತ್ರ, ಅಲ್ಲಿ ಹತ್ತಿರದ ಕಣ್ಣಿಗೆ ಫೋಕಸ್ ಇಡಬೇಕು, ಇಲ್ಲವೆ ಎಫ್/2.8ಕ್ಕೆ ಹೋಗಬೇಕು. ರಂಗಸ್ಥಳದಿಂದ 10 ಮೀಟರ್ ದೂರ ಕುಳಿತಾಗ ಅದೇ ಆಳ 65 ಸೆಂ.ಮೀ. ಆಗುತ್ತದೆ. ಮುಖ, ಕಿರೀಟ, ಭುಜಕೀರ್ತಿ ಎಲ್ಲವೂ ಅದರೊಳಗೆ ಬರುತ್ತವೆ, ಹಿಂದಿನ ಪರದೆಯ ಮೇಲಿನ ಪ್ರಾಯೋಜಕರ ಹೆಸರು ಮಾತ್ರ ಕರಗಿಹೋಗುತ್ತದೆ. ಇದಕ್ಕಿಂತ ಹೆಚ್ಚೇನು ಬೇಕು?

ರಂಗದ ದೀಪಗಳ ಬಗ್ಗೆ ಒಂದು ಮಾತು. ಈಗ ಎಲ್ಲೆಡೆ ಎಲ್‌ಇಡಿ ದೀಪಗಳೇ ಇರುವುದರಿಂದ ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಚಿತ್ರದಲ್ಲಿ ಅಡ್ಡಪಟ್ಟೆಗಳು ಮೂಡುವುದುಂಟು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಹಾಗಾಗಿ ದೀಪ ಸೆಕೆಂಡಿಗೆ 100 ಬಾರಿ ಮಿನುಗುವುದು ಸಾಮಾನ್ಯ. 1/100 ಅಥವಾ 1/50ರಲ್ಲಿ ಪಟ್ಟೆ ಕಾಣುವುದಿಲ್ಲ, 1/500ರಲ್ಲಿ ಕಾಣುತ್ತದೆ. ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಸೌಲಭ್ಯವಿದ್ದರೆ ಅದನ್ನು ಹಾಕಿ ಮೆಕ್ಯಾನಿಕಲ್ ಶಟರ್ ಬಳಸಿ. ಹೊಸ ಲೆನ್ಸ್ ಕೊಂಡವರು ಈ ಪಟ್ಟೆಗಳನ್ನು ನೋಡಿ ಲೆನ್ಸಿನ ದೋಷವೆಂದು ಹಿಂದಿರುಗಿಸಲು ಓಡುವುದೂ ಉಂಟು.

ಕಾಡಿಗೆ ಮತ್ತು ತೋಟಕ್ಕೆ

ಅಡಿಕೆ ತೋಟದ ಅಂಚಿನಲ್ಲಿ ಕಾಣುವ ಬಾಲದಂಡೆ, ಹಳ್ಳದ ಬಂಡೆಯ ಮೇಲಿನ ಮಲಬಾರ್ ವಿಸ್ಲಿಂಗ್ ಥ್ರಶ್, ಹೊಳೆಯ ಮೇಲೆ ಬಾಗಿದ ಕೊಂಬೆಯ ಮಿಂಚುಳ್ಳಿ, ಶರಾವತಿ ಕಣಿವೆಯ ಸಿಂಗಳೀಕ – ಇವುಗಳಿಗೆ 135 ಸಾಲದು. 200ರಿಂದ 400ರವರೆಗಿನ ಲೆನ್ಸ್ ಬೇಕು. ಆಯ್ಕೆ ನಿಜವಾಗಿ ಕಷ್ಟವಾಗುವುದು ಇಲ್ಲಿಯೇ, ಏಕೆಂದರೆ ಇಲ್ಲಿ ಬೆಳಕೂ ಬೇಕು, ದೂರವೂ ಬೇಕು, ಹೊತ್ತು ನಡೆಯಲೂ ಬೇಕು.

ಕ್ರಾಪ್ ಸೆನ್ಸರಿನ ಕ್ಯಾನನ್ ಕ್ಯಾಮೆರಾ ಇದ್ದವರಿಗೆ ಹೆಚ್ಚು ಜನ ಗಮನಿಸದ ಒಂದು ದಾರಿ ಇಎಫ್ 200 ಎಫ್/2.8 ಎಲ್. ತೂಕ 765 ಗ್ರಾಂ, ಬಳಸಿದ್ದರ ಬೆಲೆ ಹಿತಮಿತ, ಕ್ರಾಪ್ ಸೆನ್ಸರಿನಲ್ಲಿ 320 ಮಿ.ಮೀ.ಗೆ ಸಮನಾದ ನೋಟ. ಸ್ಥಿರೀಕರಣವಿಲ್ಲ ಎಂಬುದೇ ಅದರ ದೊಡ್ಡ ಕೊರತೆ, ಒಂಟಿಗಾಲಿನ ಮೊನೊಪಾಡ್ ಅದನ್ನು ಮುಕ್ಕಾಲು ಪಾಲು ತುಂಬಿಕೊಡುತ್ತದೆ.

300 ಎಫ್/4 ವರ್ಗವನ್ನು ವೇಗದ ಲೆನ್ಸ್ ಎಂದು ಕರೆಯಲು ಕೆಲವರು ಒಪ್ಪಲಿಕ್ಕಿಲ್ಲ. ಎಫ್/6.3ರ ಜೂಮಿಗೆ ಹೋಲಿಸಿದರೆ ಅದು ಒಂದೂಕಾಲು ಸ್ಟಾಪ್‌ಗಿಂತ ತುಸು ಹೆಚ್ಚು ಬೆಳಕು ಕೊಡುತ್ತದೆ, ಇದು 1/125ಕ್ಕೂ 1/320ಕ್ಕೂ ಇರುವ ಅಂತರ. ಈ ವರ್ಗದ ಇನ್ನೊಂದು ಗುಣ ಮಲೆನಾಡಿಗೆ ಹೇಳಿ ಮಾಡಿಸಿದ್ದು: ಹತ್ತಿರಕ್ಕೂ ಫೋಕಸ್ ಆಗುತ್ತದೆ. 1997ರ ಕ್ಯಾನನ್ ಇಎಫ್ 300 ಎಫ್/4 ಎಲ್ ಐಎಸ್ ಒಂದೂವರೆ ಮೀಟರಿಗೆ, ನಿಕಾನ್ ಪಿಎಫ್ 1.4 ಮೀಟರಿಗೆ ಫೋಕಸ್ ಮಾಡುತ್ತವೆ. ಮಳೆಗಾಲದಲ್ಲಿ ಎಲೆಯ ಮೇಲೆ ಕುಳಿತ ಕಪ್ಪೆ, ಏರೋಪ್ಲೇನ್ ಚಿಟ್ಟೆ, ಪೊದೆಯ ಗುಳಿಮಂಡಲ ಹಾವು – ಇವುಗಳನ್ನು ಮ್ಯಾಕ್ರೊ ಲೆನ್ಸ್ ಹಿಡಿದು ಮೂಗಿನ ಹತ್ತಿರ ಹೋಗದೆ, ಅವಕ್ಕೂ ನಮಗೂ ಅಪಾಯವಾಗದ ದೂರದಿಂದ ತೆಗೆಯಬಹುದು. ಇದೇ ಬಗೆಯ ಇನ್ನೊಂದು ಹಳೆಯ ಹೆಸರು ಕ್ಯಾನನ್ 400 ಎಫ್/5.6 ಎಲ್, ಹಾರುವ ಹಕ್ಕಿಗೆ ಅದು ಪ್ರಸಿದ್ಧ, ಆದರೆ ಮೂರೂವರೆ ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಸ್ಥಿರೀಕರಣವಿಲ್ಲ, ಕಾಡಿನೊಳಗೆ ಎಫ್/5.6 ಸಾಲುವುದೂ ಇಲ್ಲ.

300 ಎಫ್/2.8ರ ನಿಜವಾದ ಆಕರ್ಷಣೆ ಟೆಲಿಕನ್ವರ್ಟರ್, ಅಂದರೆ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕಿ ಫೋಕಲ್ ಲೆಂತ್ ಹೆಚ್ಚಿಸುವ ಸಾಧನ. 1.4 ಪಟ್ಟಿನ ಕನ್ವರ್ಟರ್ ಒಂದು ಸ್ಟಾಪ್ ತಿನ್ನುತ್ತದೆ, 2 ಪಟ್ಟಿನದು ಎರಡು ಸ್ಟಾಪ್. ಹಾಗಾಗಿ ಅದೇ ಲೆನ್ಸ್ 420 ಎಫ್/4 ಆಗಿಯೂ 600 ಎಫ್/5.6 ಆಗಿಯೂ ಕೆಲಸ ಮಾಡುತ್ತದೆ. ಬೆಳಗ್ಗೆ ಮಂಡಗದ್ದೆ, ಸಂಜೆ ತೋಟ ಎರಡಕ್ಕೂ ಒದಗುತ್ತದೆ. 300 ಎಫ್/4ಕ್ಕೆ 2 ಪಟ್ಟಿನ ಕನ್ವರ್ಟರ್ ಹಾಕಿದರೆ ಎಫ್/8ಕ್ಕೆ ಇಳಿಯಬೇಕು, ಆಗ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಆಟೋಫೋಕಸ್ಸೇ ಸರಿಯಾಗಿ ನಡೆಯದು.

ಕಾಡಿನಲ್ಲಿ ಹಿನ್ನೆಲೆಯ ಗುಣವನ್ನೂ ನೋಡಿಕೊಳ್ಳಿ. ನಮ್ಮ ಕಾಡಿನ ಹಿನ್ನೆಲೆ ಎಂದರೆ ಎಲೆಗಳ ಸಂದಿಯಿಂದ ಇಣುಕುವ ಆಕಾಶದ ನೂರಾರು ಬಿಳಿ ಚುಕ್ಕೆಗಳು. ಕೆಲವು ಲೆನ್ಸ್‌ಗಳು ಈ ಚುಕ್ಕೆಗಳನ್ನು ಗಟ್ಟಿ ಅಂಚಿನ ಬಿಲ್ಲೆಗಳನ್ನಾಗಿ ಮಾಡಿ ಹಕ್ಕಿಯಿಂದ ಕಣ್ಣನ್ನು ಸೆಳೆದುಬಿಡುತ್ತವೆ, ಬಿಳಿ ಗರಿಯ ಅಂಚಿಗೆ ನೇರಳೆ ಬಣ್ಣ ಬಳಿಯುತ್ತವೆ. ಕೊಳ್ಳುವ ಮೊದಲು ಒಂದು ಮರದ ಕೆಳಗೆ ನಿಂತು ಆಕಾಶ ಕಾಣುವಂತೆ ಕೊಂಬೆಯೊಂದನ್ನು ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆದು ನೋಡಿ. ಎಫ್/2.8ಕ್ಕೆ ಹಣ ಕೊಟ್ಟು, ಚಿತ್ರ ಚೆನ್ನಾಗಿ ಬರಲೆಂದು ಎಫ್/4ರಲ್ಲೇ ತೆಗೆಯುವಂತಾದರೆ ಆ ಲೆನ್ಸ್ ಬೇಡ. ಹಾಗೆಯೇ ಪಿಎಫ್ ಲೆನ್ಸ್‌ಗಳಲ್ಲಿ ಚೌಕಟ್ಟಿನೊಳಗೆ ತೀಕ್ಷ್ಣ ದೀಪ ಬಂದರೆ ಅದರ ಸುತ್ತ ಬಣ್ಣದ ಉಂಗುರ ಮೂಡಬಹುದು. ಹಗಲಿನ ಕಾಡಿಗೆ ಇದು ಲೆಕ್ಕಕ್ಕಿಲ್ಲ, ರಾತ್ರಿಯ ರಂಗಕ್ಕೂ ಅದೇ ಲೆನ್ಸ್ ಬಳಸುವುದಾದರೆ ಲೆಕ್ಕಕ್ಕಿದೆ.

ಅಭಯಾರಣ್ಯದೊಳಗೆ ಕ್ಯಾಮೆರಾ ಒಯ್ಯಲು ಅರಣ್ಯ ಇಲಾಖೆಯ ನಿಯಮ, ಶುಲ್ಕಗಳಿರುತ್ತವೆ, ಮೊದಲೇ ವಿಚಾರಿಸಿ ಹೊರಡಿ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಇಷ್ಟೆಲ್ಲ ಸಿದ್ಧತೆ ಬೇಡ, ಅಲ್ಲಿ ಆನೆಗಳು ಹತ್ತಿರವೇ ಇರುವುದರಿಂದ ಸಾಮಾನ್ಯ ಜೂಮ್ ಸಾಕು.

ನಾಲ್ಕನೆಯ ಹೆಜ್ಜೆ: ಕ್ಯಾಮೆರಾಗೆ ಹೊಂದುತ್ತದೆಯೇ?

ಬಳಸಿದ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ತಂದು, ಆಮೇಲೆ ಆಟೋಫೋಕಸ್ ಇಲ್ಲವೆಂದು ಪೇಚಾಡುವ ಪ್ರಸಂಗ ಹೆಚ್ಚಾಗಿ ಬರುವುದು ನಿಕಾನ್‌ನಲ್ಲಿ. ಎಎಫ್-ಡಿ ಎಂಬ ಹಳೆಯ ಲೆನ್ಸ್‌ಗಳೊಳಗೆ ಮೋಟಾರ್ ಇರುವುದಿಲ್ಲ. ಕ್ಯಾಮೆರಾದ ಮೋಟಾರ್ ಅವನ್ನು ತಿರುಗಿಸಬೇಕು. 180 ಎಫ್/2.8 ಡಿ, 135 ಎಫ್/2 ಡಿಸಿ ಇವೆರಡೂ ಈ ಗುಂಪಿನವು. ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಾಗಲಿ, ಎಫ್‌ಟಿಜೆಡ್ ಅಡಾಪ್ಟರ್ ಮೂಲಕ ಜೆಡ್ ಕ್ಯಾಮೆರಾಗಳಲ್ಲಾಗಲಿ ಇವು ಆಟೋಫೋಕಸ್ ಆಗುವುದಿಲ್ಲ. ಎಎಫ್-ಎಸ್ ಎಂದು ಬರೆದಿರುವ ಲೆನ್ಸ್‌ಗಳು ಆಗುತ್ತವೆ. ಕ್ಯಾನನ್‌ನ ಇಎಫ್ ಲೆನ್ಸ್‌ಗಳು ಕಂಪನಿಯದೇ ಅಡಾಪ್ಟರ್ ಹಾಕಿದರೆ ಆರ್ ಸರಣಿಯಲ್ಲಿ ಚೆನ್ನಾಗಿಯೇ ನಡೆಯುತ್ತವೆ, ಬಳಸಿದ ಟೆಲಿ ಪ್ರೈಮ್‌ಗಳ ಸಂತೆಯಲ್ಲಿ ಕ್ಯಾನನ್ ಬಳಕೆದಾರರಿಗೆ ಇರುವ ಅನುಕೂಲ ಇದೇ.

ಒಂದು ಎಚ್ಚರಿಕೆ: 1987ರ ಕ್ಯಾನನ್ ಇಎಫ್ 300 ಎಫ್/2.8 ಎಲ್ ಮೊದಲ ಆವೃತ್ತಿಯಲ್ಲಿ ಕೈಫೋಕಸ್ ಕೂಡ ವಿದ್ಯುತ್ತಿನಿಂದಲೇ ನಡೆಯುತ್ತದೆ. ಮೋಟಾರ್ ಸತ್ತರೆ ಕೈಯಿಂದಲೂ ಫೋಕಸ್ ಮಾಡಲಾಗದು. ಎಷ್ಟು ಅಗ್ಗಕ್ಕೆ ಸಿಕ್ಕರೂ ನಾನಂತೂ ಅದನ್ನು ಕೊಳ್ಳಲು ಹೇಳುವುದಿಲ್ಲ.

ಐದನೆಯ ಹೆಜ್ಜೆ: ಬಳಸಿದ ಲೆನ್ಸನ್ನು ಪರೀಕ್ಷಿಸುವುದು

ಕೈಯಲ್ಲೊಂದು ಸಣ್ಣ ಟಾರ್ಚ್, ನಿಮ್ಮ ಕ್ಯಾಮೆರಾ ಮತ್ತು ಖಾಲಿ ಮೆಮೊರಿ ಕಾರ್ಡ್ ಇಟ್ಟುಕೊಂಡು ಹೋಗಿ. ಎರಡೂ ಕ್ಯಾಪ್ ತೆಗೆದು, ಕೋಣೆಯ ದೀಪ ಆರಿಸಿ, ಲೆನ್ಸಿನ ಹಿಂಬದಿಯಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ಮುಂಬದಿಯಿಂದ ನೋಡಿ. ನೇರವಾಗಿ ಬಿಟ್ಟರೆ ಏನೂ ಕಾಣುವುದಿಲ್ಲ. ಓರೆಯಾಗಿ ಬಿಟ್ಟಾಗ ಗಾಜಿನ ಪದರಗಳು ಒಂದೊಂದಾಗಿ ಬೆಳಗುತ್ತವೆ. ಬಿಡಿಬಿಡಿ ಧೂಳಿನ ಕಣಗಳು ಎಲ್ಲ ಲೆನ್ಸಿನಲ್ಲೂ ಇರುತ್ತವೆ, ಅವುಗಳಿಂದ ತೊಂದರೆಯಿಲ್ಲ. ಅಂಚಿನಿಂದ ಒಳಕ್ಕೆ ಕವಲೊಡೆಯುತ್ತ ಹಬ್ಬಿದ ಸಣ್ಣ ಎಳೆಗಳು ಕಂಡರೆ ಅದು ಫಂಗಸ್. ಮಲೆನಾಡಿನ ಮನೆಯಲ್ಲಿ ಎರಡು ಮಳೆಗಾಲ ಕಪಾಟಿನಲ್ಲಿ ಮಲಗಿದ್ದ ಲೆನ್ಸಿನಲ್ಲಿ ಇದು ಇಲ್ಲದಿದ್ದರೇ ವಿಶೇಷ. ಬೇರು ಗಾಜಿನ ಲೇಪನವನ್ನು ತಿಂದಿದ್ದರೆ ಶುಚಿ ಮಾಡಿಸಿದ ಮೇಲೂ ಗುರುತು ಉಳಿಯುತ್ತದೆ. ಎಳೆಗಳಿಲ್ಲದೆ ಇಡೀ ಗಾಜು ಹಾಲು ಚೆಲ್ಲಿದಂತೆ ಮಂಕಾಗಿ ಕಂಡರೆ ಅದೂ ಬೇಡ, ದೀಪಕ್ಕೆ ಎದುರಾಗಿ ತೆಗೆದ ಪ್ರತಿ ಚಿತ್ರವೂ ಪೇಲವವಾಗುತ್ತದೆ.

ಮುಂದಿನ ಗಾಜಿನ ಮೇಲೆ ಒಂದೆರಡು ಸಣ್ಣ ಗೀರಿದ್ದರೆ ಚೌಕಾಸಿಗೆ ಒಳ್ಳೆಯ ನೆಪ. ಹಿಂದಿನ ಗಾಜಿನ ಮೇಲಿನ ಗೀರು ಮಾತ್ರ ಚಿತ್ರವನ್ನು ಕೆಡಿಸುತ್ತದೆ. ಅಪರ್ಚರಿನ ಎಲೆಗಳ ಮೇಲೆ ಎಣ್ಣೆಯ ಹೊಳಪಿದೆಯೇ, ಸ್ಕ್ರೂಗಳ ತಲೆ ಸವೆದಿದೆಯೇ ಎಂದು ನೋಡಿ – ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಫೋಕಸ್ಸನ್ನು ತೀರಾ ಹತ್ತಿರದಿಂದ ಅನಂತಕ್ಕೆ, ಮತ್ತೆ ಹಿಂದಕ್ಕೆ ಹಲವು ಬಾರಿ ಓಡಿಸಿ ಮೋಟಾರಿನ ಸದ್ದು ಕೇಳಿ, ಎಲ್ಲಿಯೂ ತಡವರಿಸಬಾರದು.

ಗಾಜುಗಳು ಓರೆಯಾಗಿವೆಯೇ ಎಂದು ತಿಳಿಯಲು ದುಬಾರಿ ಚಾರ್ಟ್ ಬೇಕಿಲ್ಲ. ದೂರದ ಒಂದು ಹಂಚಿನ ಮಾಡನ್ನು, ಹಂಚಿನ ಸಾಲು ಚೌಕಟ್ಟಿನ ಎಡದಿಂದ ಬಲಕ್ಕೆ ಸಮಾನಾಂತರವಾಗಿ ಓಡುವಂತೆ, ಪೂರ್ತಿ ತೆರೆದ ಅಪರ್ಚರಿನಲ್ಲಿ ಮೊನೊಪಾಡ್ ಮೇಲೆ ತೆಗೆದು ದೊಡ್ಡದು ಮಾಡಿ ನೋಡಿ. ಎರಡೂ ಅಂಚಿನ ಹಂಚುಗಳು ಒಂದೇ ಬಗೆಯಲ್ಲಿ ಮೃದುವಾಗಿದ್ದರೆ ಅದು ಲೆನ್ಸಿನ ಸ್ವಭಾವ. ಎಡ ಚೂಪಾಗಿ ಬಲ ಕಲಸಿದ್ದರೆ ಲೆನ್ಸ್ ಎಲ್ಲೋ ಬಿದ್ದಿದೆ. ಡಿಎಸ್‌ಎಲ್‌ಆರ್ ಇದ್ದವರು ಒಂದು ಅಳತೆಪಟ್ಟಿಯನ್ನು ಓರೆಯಾಗಿಟ್ಟು ನಡುವಿನ ಗೆರೆಗೆ ಫೋಕಸ್ ಮಾಡಿ, ಫೋಕಸ್ ಹಿಂದಕ್ಕೋ ಮುಂದಕ್ಕೋ ಜಾರುತ್ತಿದೆಯೇ ಎಂದು ನೋಡಬೇಕು. ಮಿರರ್‌ಲೆಸ್‌ನಲ್ಲಿ ಈ ಸಮಸ್ಯೆ ಸಾಮಾನ್ಯವಾಗಿ ಬರುವುದಿಲ್ಲ.

ಹೊಸದನ್ನೇ ಕೊಳ್ಳುವುದಾದರೆ ಭಾರತದ ವಾರಂಟಿ ಕಾರ್ಡ್ ಮತ್ತು ಸರಿಯಾದ ಬಿಲ್ ಕೇಳಿ ಪಡೆಯಿರಿ. ದೊಡ್ಡ ಲೆನ್ಸ್ ಕೊಳ್ಳುವ ಮೊದಲು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು ನೋಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಆರನೆಯ ಹೆಜ್ಜೆ: ಮಳೆಗಾಲಕ್ಕೆ ಜಾಗ ಮಾಡಿಡುವುದು

ಲೆನ್ಸಿನ ಬಜೆಟ್ಟಿನಲ್ಲೇ ಅದನ್ನು ಒಣಗಿಸಿಡುವ ವ್ಯವಸ್ಥೆಯ ಖರ್ಚನ್ನೂ ಸೇರಿಸಿ. ಗಾಳಿಯ ತೇವ 40ರಿಂದ 50 ಶೇಕಡಾದೊಳಗೆ ಇರುವಂತೆ ನೋಡಿಕೊಳ್ಳುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಎಲ್ಲಕ್ಕಿಂತ ಒಳ್ಳೆಯದು. ವಿದ್ಯುತ್ ದಿನಗಟ್ಟಲೆ ಹೋಗುವ ಊರುಗಳಲ್ಲಿ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ತೇವಮಾಪಕ, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಸಾಕು. ಜೆಲ್ ಬಣ್ಣ ಬದಲಾಯಿಸಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವುದು, ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವುದು – ಎರಡೂ ಬೇಡ. ಮೊದಲನೆಯದರಿಂದ ಪುಡಿ ಒಳಸೇರುತ್ತದೆ, ಎರಡನೆಯದರಿಂದ ಗ್ರೀಸ್ ಕರಗಿ ಅಪರ್ಚರಿನ ಎಲೆಗೆ ಇಳಿಯುತ್ತದೆ, ಹೊಗೆ ಬೇರೆ. ಕ್ಯಾಮೆರಾ ಚೀಲದಲ್ಲೇ ಲೆನ್ಸ್ ಬಿಡುವ ಅಭ್ಯಾಸವೂ ಕೆಟ್ಟದ್ದು, ಚೀಲದ ಸ್ಪಂಜು ತೇವವನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ.

ಎಸಿ ಹಾಕಿದ ಕಾರಿನಿಂದ ಆಗುಂಬೆಯಲ್ಲಿ ಇಳಿದೊಡನೆ ಲೆನ್ಸ್ ತೆಗೆದರೆ ಗಾಜಿನ ಮೇಲೆ ಹನಿಗಟ್ಟುತ್ತದೆ. ಊರು ತಲುಪುವ ಮೊದಲೇ ಎಸಿ ಆರಿಸಿ, ಕಿಟಕಿ ಇಳಿಸಿ, ಚೀಲದ ಜಿಪ್ ತೆಗೆಯದೆ ಅದು ಹೊರಗಿನ ಬಿಸಿಗೆ ಬರುವಷ್ಟು ಹೊತ್ತು ಕಾಯಬೇಕು. ಮಳೆಯಲ್ಲಿ ಬಳಸಿದ ದಿನ ಲೆನ್ಸನ್ನು ಒಣಬಟ್ಟೆಯಿಂದ ಒರೆಸಿ, ಹುಡ್ ಮತ್ತು ಟ್ರೈಪಾಡ್ ಕಾಲರ್ ಕಳಚಿ, ಫ್ಯಾನಿನ ಕೆಳಗೆ ಕೆಲವು ಗಂಟೆ ಬಿಟ್ಟ ನಂತರವೇ ಡಬ್ಬಿಗೆ ಸೇರಿಸಿ. ಒದ್ದೆ ಇರುವಾಗಲೇ ಮುಚ್ಚಿಟ್ಟರೆ ಸಿಲಿಕಾ ಜೆಲ್ ಒಂದೇ ರಾತ್ರಿಯಲ್ಲಿ ಕೆಲಸ ನಿಲ್ಲಿಸುತ್ತದೆ.